ಅಮೆರಿಕದ ಯುದ್ಧ, ಕುಮಟೆಯ ಬಂದರು, ನಮ್ಮೂರ ಹತ್ತಿ

ನಾನು ರೋಣ ಕಡೆಯ ಇಟಗಿಯವನು. ನಮ್ಮ ಎರೆಹೊಲದಲ್ಲಿ ನಿಂತ್ರೆ ಸಮುದ್ರದ ನೆನಪೂ ಆಗಲ್ಲ. ಆದ್ರೆ 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ, ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಂತಾಯ್ತು. ಆಗ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ! ಎತ್ತಿನ ಬಂಡಿಗಳು ಘಟ್ಟ ಇಳಿದು ಕುಮಟೆಗೆ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ, ಮುಂದೆ ಲಿವರ್‌ಪೂಲಿಗೆ. ನಮ್ಮ ಜವಾರಿ ಹತ್ತಿಗೆ ಪೇಟೆಯಲ್ಲಿ ಬಂದರಿನದೇ ಹೆಸರು, 'ಕುಂಪ್ಟಾ'. 1862ರಲ್ಲಿ ಉತ್ತರ ಕನ್ನಡವನ್ನೇ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ರು. ಹತ್ತಿ ಸಾಗಣೆಯ ಲೆಕ್ಕಾಚಾರವೂ ಅದರ ಹಿಂದಿತ್ತು.

1865ರಲ್ಲಿ ಯುದ್ಧ ಮುಗೀತು, ಬೆಲೆ ಕುಸೀತು. 1880ರ ದಶಕದಲ್ಲಿ ಗದಗಿಗೆ ರೈಲು ಬಂತು, ಸರಕು ಮರ್ಮಗೋವಾ ಕಡೆ ತಿರುಗಿತು. ಕುಮಟೆಯ ಬಂದರು ಸೊರಗಿತು. ದೂರದ ಯುದ್ಧ ಕೊಟ್ಟದ್ದನ್ನ ದೂರದ ಶಾಂತಿಯೇ ಕಿತ್ಕೊಂಡಿತ್ತು. ಹತ್ತಿ ಬೆಳೆದವರನ್ನ ಎರಡು ಸಲವೂ ಯಾರೂ ಕೇಳಿರಲಿಲ್ಲ.