ಕಿಂಗ್ ಬಕ್ ಬಾಯಲ್ಲಿದ್ದ ಬಾತುಕೋಳಿ: ಬೇಟೆನಾಯಿಗಳಿಗೆ ರ್‍ಯಾಂಕ್ ಇಲ್ಲದ ಪರೀಕ್ಷೆ ಬಂದ ಕಥೆ

ಇವತ್ತಿನ ಕಥೆ ಒಂದು ಸ್ಟಾಂಪಿನಿಂದ ಶುರುವಾಗುತ್ತೆ. ಅಮೆರಿಕದಲ್ಲಿ 1959ರಲ್ಲಿ ಬಂದ ಸ್ಟಾಂಪ್. ಕಾಗದಕ್ಕೆ ಅಂಟಿಸೋ ಅಂಚೆಚೀಟಿ ಅಲ್ಲ ಇದು. ಅಲ್ಲಿ 16 ವರ್ಷ ತುಂಬಿದವರು ಬಾತುಕೋಳಿ ಬೇಟೆಗೆ ಹೋಗಬೇಕಂದ್ರೆ ಪ್ರತಿವರ್ಷ ಒಂದು 'ಡಕ್ ಸ್ಟಾಂಪ್' ಕೊಳ್ಳಲೇಬೇಕು. ಆ ದುಡ್ಡಲ್ಲಿ ಸರ್ಕಾರ ಜೌಗು ನೆಲಗಳನ್ನ ಕೊಂಡು ಹಕ್ಕಿಗಳಿಗಾಗಿ ಉಳಿಸುತ್ತೆ. 1934ರಿಂದ ನಡೆದುಬಂದ ಪದ್ಧತಿ ಇದು. ಅಲ್ಲೀವರೆಗೆ ಸ್ಟಾಂಪಿನ ಮೇಲೆ ಬರ್ತಾ ಇದ್ದದ್ದು ಬಾತು, ಹೆಬ್ಬಾತುಗಳಂಥ ನೀರಹಕ್ಕಿಗಳೇ. 1959ರಲ್ಲಿ ಮೊದಲ ಸಲ ಒಂದು ನಾಯಿ ಬಂತು. ಕಪ್ಪು ಲ್ಯಾಬ್ರಡಾರ್, ಬಾಯಲ್ಲಿ ಗಂಡು ಮಲ್ಲಾರ್ಡ್ ಬಾತು. ನಾಯಿಯ ಹೆಸರು ಕಿಂಗ್ ಬಕ್, ಚಿತ್ರ ಬರೆದವರು ಮೇನಾರ್ಡ್ ರೀಸ್.

ಹಕ್ಕಿ ಉಳಿಸೋ ಸ್ಟಾಂಪಿನ ಮೇಲೆ ಬೇಟೆನಾಯಿ ಯಾಕೆ?

ಗುಂಡು ತಗುಲಿದ ಬಾತು ನೇರ ಬೇಟೆಗಾರನ ಕಾಲ ಬುಡಕ್ಕೆ ಬಂದು ಬೀಳಲ್ಲ. ಜೊಂಡಿನ ಮಧ್ಯೆ ಬೀಳುತ್ತೆ, ಕೆರೆಯ ಆಚೆ ದಡಕ್ಕೆ ಬೀಳುತ್ತೆ. ರೆಕ್ಕೆ ಮುರಿದಿದ್ದರೆ ಈಜ್ಕೊಂಡು ಹೋಗಿ ಹುಲ್ಲಿನೊಳಗೆ ಅಡಗಿಬಿಡುತ್ತೆ. ಮನುಷ್ಯನ ಕಣ್ಣಿಗೆ ಅದು ಸಿಗಲ್ಲ. ಅವನು ಇನ್ನೊಂದನ್ನ ಹೊಡೀತಾನೆ. ಮೊದಲನೆಯದು ಎಲ್ಲೋ ನರಳಿ ಸಾಯುತ್ತೆ, ಯಾರ ಲೆಕ್ಕಕ್ಕೂ ಬರಲ್ಲ. ಮೂಗು ಚುರುಕಿರೋ ನಾಯಿ ಅದನ್ನ ಹುಡುಕಿ ತರುತ್ತೆ. ಬೇಟೆ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ನಮ್ಮಲ್ಲಿ ಕಾಡು ಬಾತು ಹೊಡೆಯೋದು ಕಾನೂನಿನ ಪ್ರಕಾರ ಅಪರಾಧ. ಆದ್ರೆ ಬೇಟೆಗೆ ಅನುಮತಿ ಇರೋ ಕಡೆ, ಕೊಂದ ಹಕ್ಕಿ ಕೊಳೆತು ಹೋಗಬಾರದು ಅನ್ನೋದು ಈ ನಾಯಿಗಳ ಇಡೀ ಕಸುಬಿನ ಬುಡ. ಇದನ್ನ ನೆನಪಿಟ್ಟುಕೊಳ್ಳಿ, ಯಾಕಂದ್ರೆ ಮುಂದೆ ಇದೇ ಮರೆತುಹೋಗುತ್ತೆ.

ನಿಮ್ಮ ಅಪಾರ್ಟ್‌ಮೆಂಟಿನ ಲ್ಯಾಬ್ರಡಾರ್ ಚಪ್ಪಲಿ ಕಚ್ಕೊಂಡು ಓಡಾಡುತ್ತಲ್ಲ, ಅದೂ ಇದೇ ವಂಶದ ಅಭ್ಯಾಸ. ಹೆಸರು ಲ್ಯಾಬ್ರಡಾರ್ ಆದ್ರೂ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪ. ಅಲ್ಲಿನ ಮೀನುಗಾರರ ಜೊತೆ ನೀರಿಗಿಳಿದು ಕೆಲಸ ಮಾಡ್ತಿದ್ದ ನಾಯಿಗಳು ಮೀನಿನ ಹಡಗುಗಳಲ್ಲಿ ಇಂಗ್ಲೆಂಡಿನ ಪೂಲ್ ಬಂದರಿಗೆ ಬಂದವು. ಹತ್ತಿರದಲ್ಲೇ ಎಸ್ಟೇಟ್ ಇದ್ದ ಮಾಮ್ಸ್‌ಬರಿ ಅರ್ಲ್‌ಗಳು ಅವನ್ನ ಸಾಕಿದರು. 1880ರ ದಶಕದಲ್ಲಿ ಆ ತಳಿ ಸ್ಕಾಟ್ಲೆಂಡಿನ ಬಕ್ಲೂ ಡ್ಯೂಕರ ಮನೆತನಕ್ಕೆ ಹೋಯ್ತು. 1903ರಲ್ಲಿ ಬ್ರಿಟನ್ನಿನ ಕೆನೆಲ್ ಕ್ಲಬ್ ಲ್ಯಾಬ್ರಡಾರನ್ನ ಪ್ರತ್ಯೇಕ ತಳಿ ಅಂತ ಒಪ್ಪಿಕೊಂಡಿತು. ಮೀನುಗಾರನ ನಾಯಿ ಶ್ರೀಮಂತರ ನಾಯಿ ಆದದ್ದು ಹೀಗೆ.

ಇನ್ನು ತರಬೇತಿ. ನೋಡೋಕೆ ಚೆಂಡು ಎಸೆದು 'ತಗೊಂಡ್ ಬಾ' ಅನ್ನೋ ಆಟದ ಥರ ಕಾಣುತ್ತೆ. ಅಷ್ಟು ಸುಲಭ ಅಲ್ಲ. ಮೊದಲು ಸುಮ್ಮನೆ ಕೂರೋದನ್ನ ಕಲಿಸಬೇಕು. ಬಂದೂಕು ಢಂ ಅಂದ್ರೂ, ಕಣ್ಣೆದುರೇ ಹಕ್ಕಿ ಬಿದ್ರೂ, ಹೇಳೋವರೆಗೆ ಜಾಗ ಬಿಡಬಾರದು. ಆಮೇಲೆ 'ಮಾರ್ಕ್'. ಹಕ್ಕಿ ಎಲ್ಲಿ ಬಿತ್ತು ಅಂತ ನಾಯಿ ನೋಡಿ ನೆನಪಿಟ್ಟುಕೊಳ್ಳಬೇಕು. ಒಂದಲ್ಲ, ಎರಡು, ಮೂರು ಹಕ್ಕಿ. ಒಂದನ್ನ ತಂದುಕೊಟ್ಟು, ಮತ್ತೆ ತಿರುಗಿ, ಎರಡನೆಯದು ಬಿದ್ದ ಜಾಗವನ್ನ ನೆನಪಿನಿಂದಲೇ ಹುಡುಕಬೇಕು. ಬಾಯಿ ಮೆತ್ತಗಿರಬೇಕು, ತಂದ ಹಕ್ಕಿಯನ್ನ ಜಗಿದು ಹಾಳು ಮಾಡಬಾರದು.

ಎಲ್ಲಕ್ಕಿಂತ ಕಷ್ಟ 'ಬ್ಲೈಂಡ್'. ಹಕ್ಕಿ ಬಿದ್ದದ್ದನ್ನ ನಾಯಿ ನೋಡೇ ಇಲ್ಲ, ಯಜಮಾನನಿಗೆ ಮಾತ್ರ ಗೊತ್ತು. ಅವನು ಕೈ ತೋರಿಸಿದ ದಿಕ್ಕಿಗೆ ನಾಯಿ ನೇರ ಗೆರೆ ಎಳೆದ ಹಾಗೆ ಓಡಬೇಕು. ದಾರಿ ತಪ್ಪಿದ್ರೆ ಅವನು ಒಂದು ಸೀಟಿ ಊದ್ತಾನೆ. ನಾಯಿ ನಿಂತು ತಿರುಗಿ ಅವನನ್ನೇ ನೋಡಬೇಕು. ಕೈ ಎಡಕ್ಕೆ ಚಾಚಿದ್ರೆ ಎಡಕ್ಕೆ, ಬಲಕ್ಕೆ ಚಾಚಿದ್ರೆ ಬಲಕ್ಕೆ, ಮೇಲಕ್ಕೆತ್ತಿದ್ರೆ ಇನ್ನೂ ಹಿಂದಕ್ಕೆ. ಅಮೆರಿಕಕ್ಕೆ ಈ ವಿದ್ಯೆ ತಂದ ಹೆಸರು ಡೇವ್ ಎಲಿಯಟ್ ಎಂಬ ಸ್ಕಾಟಿಷ್ ತರಬೇತುದಾರರದ್ದು. ಕುರಿ ಕಾಯೋ ನಾಯಿಗಳನ್ನ ಕುರುಬರು ದೂರದಿಂದ ಸೀಟಿಯಲ್ಲೇ ನಡೆಸ್ತಾರಲ್ಲ, ಆ ಉಪಾಯವನ್ನೇ ಅವರು ರಿಟ್ರೀವರ್‌ಗಳಿಗೆ ಹೊಂದಿಸಿದರು. ಕುರುಬರ ವಿದ್ಯೆ ಕೋಟ್ಯಧಿಪತಿಗಳ ಎಸ್ಟೇಟಿಗೆ ಬಂದು ಸೇರಿತು, ನನಗಂತೂ ಈ ಕಥೆಯಲ್ಲಿ ತುಂಬಾ ಇಷ್ಟವಾಗೋ ತಿರುವು ಇದು.

ಕೋಟ್ಯಧಿಪತಿಗಳು ಅಂದೆ, ಸುಮ್ಮನೆ ಅಲ್ಲ. 1931ರ ಡಿಸೆಂಬರಿನಲ್ಲಿ ಅಮೆರಿಕದ ಲ್ಯಾಬ್ರಡಾರ್ ಕ್ಲಬ್ಬಿನ ಮೊದಲ 'ಫೀಲ್ಡ್ ಟ್ರಯಲ್' ನ್ಯೂಯಾರ್ಕ್ ರಾಜ್ಯದ ಚೆಸ್ಟರ್ ಹತ್ತಿರದ ಒಂದು ಖಾಸಗಿ ಎಸ್ಟೇಟಿನಲ್ಲಿ ನಡೀತು. ರೈಲ್ವೆ ಶ್ರೀಮಂತರ ಮನೆಯ, ಮುಂದೆ ರಾಜತಾಂತ್ರಿಕರಾದ ಆವರೆಲ್ ಹ್ಯಾರಿಮನ್ ಅವರಂಥವರ ಕೆನೆಲ್‌ಗಳ ಕಾಲ ಅದು. ಕಿಂಗ್ ಬಕ್ ಯಜಮಾನ ಜಾನ್ ಓಲಿನ್ ವಿಂಚೆಸ್ಟರ್ ಬಂದೂಕು ಕಂಪನಿಯ ಒಡೆಯ. ಆ ನಾಯಿ 1952 ಮತ್ತು 1953ರಲ್ಲಿ ಸಾಲಾಗಿ ರಾಷ್ಟ್ರೀಯ ಚಾಂಪಿಯನ್ ಆಯ್ತು. ತರಬೇತಿ ಕೊಟ್ಟವರು ಕಾಟನ್ ಪರ್ಶಲ್ ಎಂಬ ವೃತ್ತಿಪರರು.

ಸಮಸ್ಯೆ ಇರೋದು ಇಲ್ಲೇ. ಫೀಲ್ಡ್ ಟ್ರಯಲ್ ಅಂದ್ರೆ ಸ್ಪರ್ಧೆ. ಸುತ್ತಿನ ಮೇಲೆ ಸುತ್ತು, ಪ್ರತಿ ಸುತ್ತಲ್ಲೂ ಒಂದಿಷ್ಟು ನಾಯಿ ಔಟ್, ಕೊನೆಗೆ ಗೆಲ್ಲೋದು ಒಂದೇ. ತರಬೇತಿ ಚೆನ್ನಾಗಿ ಆದಷ್ಟೂ ಎಲ್ಲಾ ನಾಯಿಗಳೂ ಪಾಸಾಗೋಕೆ ಶುರುಮಾಡಿದವು. ಆಗ ಜಡ್ಜ್‌ಗಳು ಏನು ಮಾಡಬೇಕು? ಪ್ರಶ್ನೆಪತ್ರಿಕೆಯನ್ನೇ ಕಷ್ಟ ಮಾಡಿದರು. ದೂರ ನೂರು ಗಜದಿಂದ ಇನ್ನೂರಾಯ್ತು, ಮುನ್ನೂರಾಯ್ತು. ಬಂದೂಕಿನ ಛರ್ರಾ ಅಷ್ಟು ದೂರದ ಹಕ್ಕಿಗೆ ತಾಗೋದೇ ಇಲ್ಲ! ಅಷ್ಟು ದೂರದಿಂದ ನಾಯಿಗೆ ಕಾಣಲಿ ಅಂತ ಯಜಮಾನರು ಬಿಳಿ ಕೋಟು ಹಾಕ್ಕೊಂಡರು. ಬಾತು ಬೇಟೆಗೆ ಬಿಳಿ ಕೋಟು ಹಾಕ್ಕೊಂಡು ಹೋದ್ರೆ ಒಂದು ಹಕ್ಕಿಯೂ ಹತ್ತಿರ ಸುಳಿಯಲ್ಲ. 1960ರ ದಶಕದ ನಂತರ ರಿಮೋಟ್ ಒತ್ತಿದ್ರೆ ಶಾಕ್ ಕೊಡೋ ಎಲೆಕ್ಟ್ರಿಕ್ ಕಾಲರ್ ಕೂಡ ಬಂತು. ವೃತ್ತಿಪರ ತರಬೇತುದಾರರಿಗೆ ದುಡ್ಡು ಸುರಿಯೋ ಶಕ್ತಿ ಇಲ್ಲದವನು, ಭಾನುವಾರ ತನ್ನ ನಾಯಿ ಕರ್ಕೊಂಡು ಕೆರೆಗೆ ಹೋಗೋ ಸಾಮಾನ್ಯ ಬೇಟೆಗಾರ, ಹೊರಗೇ ಉಳಿದ.

ಇದಕ್ಕೆ ಎದುರಾಗಿ ದನಿ ಎತ್ತಿದವರಲ್ಲಿ ಮುಖ್ಯರು ರಿಚರ್ಡ್ ವೋಲ್ಟರ್ಸ್ ಎಂಬ ಲೇಖಕ. 1964ರಲ್ಲೇ ಅವರು 'ವಾಟರ್ ಡಾಗ್' ಅನ್ನೋ ಪುಸ್ತಕ ಬರೆದಿದ್ದರು. ಮರಿಗೆ 49 ದಿನ ಆದಾಗಲೇ ಮನೆಗೆ ತಂದು ಆಟದಲ್ಲೇ ಪಾಠ ಶುರುಮಾಡಿ ಅನ್ನೋದು ಅವರ ವಾದ. ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ನಾಯಿಮರಿಗಳ ಮೇಲೆ ನಡೆಸಿದ ಸಂಶೋಧನೆ ಅದಕ್ಕೆ ಆಧಾರ. ಅಂದ್ರೆ, ಯಾರು ಬೇಕಾದ್ರೂ ಮನೆಯಲ್ಲೇ ಕಲಿಸಬಹುದು. 1983ರಲ್ಲಿ ವೋಲ್ಟರ್ಸ್ ಮತ್ತು ಗೆಳೆಯರು ಸೇರಿ ನಾರಾ ಅನ್ನೋ ಸಂಸ್ಥೆ ಕಟ್ಟಿದರು, ಪೂರ್ತಿ ಹೆಸರು ನಾರ್ತ್ ಅಮೆರಿಕನ್ ಹಂಟಿಂಗ್ ರಿಟ್ರೀವರ್ ಅಸೋಸಿಯೇಷನ್. ಅದರ ಬೆನ್ನಿಗೇ ಇನ್ನೊಂದು ಬೇಟೆನಾಯಿ ಕ್ಲಬ್ ಹುಟ್ಟಿತು. 1985ರಲ್ಲಿ ಅಮೆರಿಕನ್ ಕೆನೆಲ್ ಕ್ಲಬ್ ಕೂಡ ತನ್ನದೇ 'ಹಂಟ್ ಟೆಸ್ಟ್' ಶುರುಮಾಡಿತು.

ಹಂಟ್ ಟೆಸ್ಟಿನಲ್ಲಿ ರ್‍ಯಾಂಕ್ ಇಲ್ಲ. ಪಕ್ಕದ ನಾಯಿ ಎಷ್ಟು ಚೆನ್ನಾಗಿ ಮಾಡ್ತು ಅನ್ನೋದು ಲೆಕ್ಕಕ್ಕೇ ಬರಲ್ಲ. ಒಂದು ಮಟ್ಟ ಇದೆ, ಮುಟ್ಟಿದ್ರೆ ಪಾಸ್. ಬಂದವೆಲ್ಲ ಪಾಸಾದ್ರೂ ಯಾರಿಗೂ ಬೇಜಾರಿಲ್ಲ. ಕೆನೆಲ್ ಕ್ಲಬ್ಬಿನದು ಜೂನಿಯರ್, ಸೀನಿಯರ್, ಮಾಸ್ಟರ್ ಅಂತ ಮೂರು ಹಂತ. ಜೂನಿಯರ್‌ನಲ್ಲಿ ನೆಲದ ಮೇಲೆ ಎರಡು, ನೀರಲ್ಲಿ ಎರಡು ಹಕ್ಕಿ, ಒಂದೊಂದಾಗಿ. ನೆನಪು, ಹುರುಪು, ಪಟ್ಟು, ಕಲಿಕೆ ಅಂತ ನಾಲ್ಕು ಗುಣಕ್ಕೆ 10ರಲ್ಲಿ ಅಂಕ. ಒಟ್ಟು ಸರಾಸರಿ 7 ಬೇಕು. ದೂರ ನಿಜವಾದ ಬೇಟೆಗೆ ಹತ್ತಿರ. ಯಜಮಾನರು ಗಾಢ ಬಣ್ಣದ ಅಥವಾ ಕ್ಯಾಮೊಫ್ಲಾಜ್ ಬಟ್ಟೆ ಹಾಕ್ಕೊಂಡು, ನೀರಲ್ಲಿ ಹುಸಿಬಾತುಗಳನ್ನ ತೇಲಿಬಿಟ್ಟು ಕೂರ್ತಾರೆ.

ಹಾಗಂತ ಎಲ್ಲಾ ಸರಿಹೋಯ್ತು ಅನ್ನಬೇಡಿ. ಇಲ್ಲೂ ಬಿರುದಿನ ಆಸೆ ಇದೆ, ಹಣ ಕೊಟ್ಟು ವೃತ್ತಿಪರರಿಗೆ ನಾಯಿ ಒಪ್ಪಿಸೋರು ಇದ್ದಾರೆ. ಶಾಕ್ ಕಾಲರ್ ಜಗಳ ಮುಗಿದಿಲ್ಲ. ವೇಲ್ಸ್ 2010ರಲ್ಲೇ ಅದನ್ನ ನಿಷೇಧಿಸಿತು, ಅಮೆರಿಕದ ತರಬೇತುದಾರರಲ್ಲಿ ಅದು ಈಗಲೂ ಮಾಮೂಲು. ಫೀಲ್ಡ್ ಟ್ರಯಲ್‌ಗಳೂ ಬಿಳಿ ಕೋಟಿನ ಸಮೇತ ನಡೀತಾನೇ ಇವೆ.

ಸೀನಿಯರ್ ಮತ್ತು ಮಾಸ್ಟರ್ ಹಂತದಲ್ಲಿ ಒಂದು ಪರೀಕ್ಷೆ ಇದೆ, 'ಆನರ್' ಅಂತ. ತನ್ನ ಸರದಿ ಮುಗಿಸಿದ ನಾಯಿ ಅಲ್ಲೇ ಪಕ್ಕದಲ್ಲಿ ಕೂತಿರಬೇಕು. ಬಂದೂಕು ಸಿಡಿಯುತ್ತೆ, ಕಣ್ಣೆದುರು ಹಕ್ಕಿ ಬೀಳುತ್ತೆ, ತರೋಕೆ ಓಡೋದು ಬೇರೆ ನಾಯಿ. ಇದು ಮೈಯೆಲ್ಲಾ ನಡುಗ್ತಾ ಕೂತು ನೋಡಬೇಕು. ಎದ್ದು ಓಡಿದ್ರೆ ಫೇಲ್.