ಗೋಡೆಗೆ ಮುಂಚಿನ ಹಣ: ಕ್ಯಾಲಿಫೋರ್ನಿಯಾದ ತೀರ ಯೋಜನಾ ಅನುದಾನಗಳು ಮತ್ತು ಸ್ಥಳೀಯ ಆಡಳಿತ

ಕಡಲು ಏರುತ್ತಿರುವ ನಾಡುಗಳಲ್ಲಿ ಸರ್ಕಾರದ ಹಣ ತೀರಕ್ಕೆ ಎರಡು ಹೊತ್ತಿನಲ್ಲಿ ಬರುತ್ತದೆ. ಮನೆ ಕುಸಿದ ಮೇಲೆ, ರಸ್ತೆ ಕೊಚ್ಚಿಹೋದ ಮೇಲೆ ಪರಿಹಾರದ ರೂಪದಲ್ಲೋ ಕಲ್ಲಿನ ತಡೆಗೋಡೆಯ ರೂಪದಲ್ಲೋ ಬರುವುದು ಒಂದು. ಇನ್ನೂ ಏನೂ ಆಗದಿರುವಾಗಲೇ ಅಳತೆಗೆ, ನಕ್ಷೆಗೆ, ಊರ ಸಭೆಗಳಿಗೆ, ಕಟ್ಟಡ ನಿಯಮಗಳ ತಿದ್ದುಪಡಿಗೆ ಎಂದು ಬರುವುದು ಇನ್ನೊಂದು. ಮೊದಲನೆಯದನ್ನು ಯಾರೂ ಪ್ರಶ್ನಿಸುವುದಿಲ್ಲ. ಎರಡನೆಯದರ ಮೊತ್ತ ಚಿಕ್ಕದು, ಅದರಿಂದ ಉದ್ಘಾಟಿಸಲು ಏನೂ ಸಿಗುವುದಿಲ್ಲ, ಬಜೆಟ್ ಬಿಗಿಯಾದಾಗ ಕತ್ತರಿ ಬೀಳುವುದು ಬಹುಮಟ್ಟಿಗೆ ಅದಕ್ಕೇ. ಈ ಲೇಖನದ ವಸ್ತು ಆ ಎರಡನೆಯ ಹಣ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಹತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಇಂಥ ಅನುದಾನಗಳನ್ನು ಕೊಡುತ್ತ ಬಂದಿರುವುದರಿಂದ ಅಲ್ಲಿನ ಅನುಭವವನ್ನು ಆಧಾರವಾಗಿ ಇಟ್ಟುಕೊಂಡಿದ್ದೇನೆ. ಯಾವುದನ್ನು ಕಾಪಾಡುತ್ತೇವೆ, ಯಾವುದನ್ನು ಬಿಟ್ಟುಕೊಡುತ್ತೇವೆ ಎಂದು ಒಂದು ಊರು ಬಿರುಗಾಳಿಗೆ ಮುಂಚೆಯೇ ಬಾಯಿಬಿಟ್ಟು ಹೇಳುವಂತೆ ಮಾಡುವುದೇ ಯೋಜನಾ ಅನುದಾನದ ಅತಿ ದೊಡ್ಡ ಫಲ ಎಂಬುದು ನನ್ನ ವಾದ. ಆದರೆ ಅನುದಾನದ ಈಗಿನ ರಚನೆ ಆ ಫಲವನ್ನು ಅಳೆಯುವುದಿಲ್ಲ. ಸಲ್ಲಿಕೆಯಾದ ದಾಖಲೆಗಳನ್ನು ಅಳೆಯುತ್ತದೆ.

ಹಿನ್ನೆಲೆಯಲ್ಲಿರುವುದು 1976ರ ಕರಾವಳಿ ಕಾಯ್ದೆ. 1972ರಲ್ಲಿ ಮತದಾರರೇ ಜನಮತದ ಮೂಲಕ ತಂದ ತಾತ್ಕಾಲಿಕ ವ್ಯವಸ್ಥೆಯನ್ನು ಅದು ಕಾಯಂ ಮಾಡಿತು. ರಾಜ್ಯಮಟ್ಟದ ಕರಾವಳಿ ಆಯೋಗ ಮೇಲೆ. ಅದರ ಕೆಳಗೆ 15 ಕೌಂಟಿಗಳು ಮತ್ತು 61 ನಗರಗಳು. ಇವುಗಳಲ್ಲಿ ಪ್ರತಿಯೊಂದೂ ತನ್ನ ಪಾಲಿನ ತೀರಕ್ಕೆ ಭೂಬಳಕೆ ಯೋಜನೆ ಮತ್ತು ಅದನ್ನು ಜಾರಿಮಾಡುವ ನಿಯಮಗಳು ಸೇರಿದ ‘ಸ್ಥಳೀಯ ಕರಾವಳಿ ಕಾರ್ಯಕ್ರಮ’ವನ್ನು ರೂಪಿಸಬೇಕು. ಆಯೋಗ ಅದನ್ನು ಪ್ರಮಾಣೀಕರಿಸಿದ ಮೇಲೆ ಕಟ್ಟಡ ಪರವಾನಗಿ ಕೊಡುವ ಅಧಿಕಾರದ ಬಹುಪಾಲು ಊರಿನ ಕೈಗೆ ಬರುತ್ತದೆ. ಉಬ್ಬರದ ನೀರು ಮುಟ್ಟುವ ಜಾಗ ಮಾತ್ರ ಆಯೋಗದ ಅಧೀನದಲ್ಲೇ ಉಳಿಯುತ್ತದೆ. ಮೇಲ್ಮನವಿಗಳನ್ನು ಕೇಳುವುದೂ ಅದೇ.

ಕಾಯ್ದೆ ಬರೆದವರ ಮುಂದೆ ಇದ್ದದ್ದು ರಿಯಲ್ ಎಸ್ಟೇಟ್ ಒತ್ತಡ. ಏರುವ ಸಮುದ್ರ ಅವರ ಲೆಕ್ಕದಲ್ಲಿ ಇರಲಿಲ್ಲ. ಅದರ ಪರಿಣಾಮ ಎರಡು ಕಲಮುಗಳಲ್ಲಿ ಕಾಣುತ್ತದೆ. 30235ನೇ ಕಲಮು ಅಪಾಯದಲ್ಲಿರುವ ‘ಅಸ್ತಿತ್ವದಲ್ಲಿರುವ ಕಟ್ಟಡ’ಕ್ಕೆ ತಡೆಗೋಡೆ ಕಟ್ಟಲು ಅವಕಾಶ ಕೊಡುತ್ತದೆ. ಗೋಡೆಯ ಆಸರೆ ಬೇಡುವಂಥ ಹೊಸ ಕಟ್ಟಡ ಬರಕೂಡದು ಎನ್ನುತ್ತದೆ 30253ನೇ ಕಲಮು. ‘ಅಸ್ತಿತ್ವದಲ್ಲಿರುವ’ ಎಂದರೆ ಕಾಯ್ದೆ ಜಾರಿಗೆ ಬಂದ 1977ರ ಜನವರಿಗಿಂತ ಮುಂಚಿನ ಕಟ್ಟಡವೋ, ಅರ್ಜಿ ಹಾಕುವ ದಿನ ನಿಂತಿರುವ ಕಟ್ಟಡವೋ ಎಂಬ ವಿವಾದ ದಶಕಗಳ ಕಾಲ ನಡೆದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಕೋಟ್ಯಂತರ ಡಾಲರ್ ಬೆಲೆಯ ಆಸ್ತಿಗಳ ಹಣೆಬರಹ ಆ ಉತ್ತರದ ಮೇಲೆ ನಿಂತಿದೆ.

ಗೋಡೆಯಿಂದ ಆಗುವ ನಷ್ಟ ಯಾರದು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಮರಳಿನ ದಂಡೆ ನಿಂತ ವಸ್ತುವಲ್ಲ. ನೀರು ಏರಿದಾಗ ಅದು ಒಳನಾಡಿನ ಕಡೆಗೆ ಸರಿಯುತ್ತದೆ. ಹಿಂದೆ ಗೋಡೆ ಇದ್ದರೆ ಸರಿಯಲು ಜಾಗವಿಲ್ಲ. ಏರುವ ನೀರಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡು ದಂಡೆ ಕಿರಿದಾಗುತ್ತ ಕೊನೆಗೆ ಮುಳುಗುತ್ತದೆ. ಸರಾಸರಿ ಉಬ್ಬರದ ಗೆರೆಯಿಂದ ಕೆಳಗಿನ ನೆಲ ಕ್ಯಾಲಿಫೋರ್ನಿಯಾದಲ್ಲಿ ಸಾರ್ವಜನಿಕರದು. ಹಾಗಾಗಿ ಒಂದು ಖಾಸಗಿ ಮನೆಯನ್ನು ಉಳಿಸುವ ಗೋಡೆ ಎಲ್ಲರ ದಂಡೆಯನ್ನು ಕರಗಿಸುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದ ತೀರದಲ್ಲಿ ಶೇಕಡ 38ರಷ್ಟು ಈಗಾಗಲೇ ಗೋಡೆ, ಬಂಡೆಗಳ ಹಿಂದೆ ಇದೆ. ಸಮುದ್ರ ಒಂದರಿಂದ ಎರಡು ಮೀಟರ್ ಏರಿದರೆ ಮತ್ತು ಮನುಷ್ಯರು ಏನೂ ಮಾಡದಿದ್ದರೆ, ಆ ಭಾಗದ ಮರಳ ದಂಡೆಗಳಲ್ಲಿ ಶೇಕಡ 31ರಿಂದ 67ರಷ್ಟು 2100ರ ಹೊತ್ತಿಗೆ ಪೂರ್ತಿ ಅಳಿಯಬಹುದೆಂದು ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ವಿಜ್ಞಾನಿಗಳು 2017ರಲ್ಲಿ ಅಂದಾಜಿಸಿದರು.

ಕರಾವಳಿ ಆಯೋಗದ ಅನುದಾನ ಕಾರ್ಯಕ್ರಮ 2013–14ರ ಬಜೆಟ್ ವರ್ಷದಲ್ಲಿ 10 ಲಕ್ಷ ಡಾಲರ್‌ನಿಂದ ಶುರುವಾಯಿತು. ದಶಕಗಳಷ್ಟು ಹಳೆಯದಾದ ಸ್ಥಳೀಯ ಕಾರ್ಯಕ್ರಮಗಳನ್ನು ಪರಿಷ್ಕರಿಸುವುದು, ಅವುಗಳಲ್ಲಿ ಸಮುದ್ರ ಮಟ್ಟ ಏರಿಕೆಯನ್ನು ಸೇರಿಸುವುದು ಅದರ ಉದ್ದೇಶ. ಇಡೀ ರಾಜ್ಯದ ತೀರಕ್ಕೆ ಇದು ಪುಡಿಗಾಸು. ಆದರೂ ಈ ಹಣದಿಂದ ಊರುಗಳಲ್ಲಿ ನಡೆದದ್ದು ಚಿಕ್ಕ ಸಂಗತಿಯಲ್ಲ. ಮಾಂಟೆರೇ ಕೊಲ್ಲಿಯ ಮರೀನಾ ಮತ್ತು ಸ್ಯಾನ್ ಡಿಯಾಗೊ ಪಕ್ಕದ ಡೆಲ್ ಮಾರ್ ಎಂಬ ಎರಡು ಊರುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅದು ತಿಳಿಯುತ್ತದೆ.

ಮರೀನಾದ ಮರಳ ದಿಬ್ಬಗಳು ರಾಜ್ಯದಲ್ಲೇ ಅತಿ ವೇಗವಾಗಿ ಕೊರೆದುಹೋಗುತ್ತಿರುವ ತೀರದಲ್ಲಿವೆ. ಅಲ್ಲಿ 1906ರಿಂದ ದಂಡೆಯ ಮರಳನ್ನೇ ತೋಡುತ್ತಿದ್ದ ಗಣಿಯೊಂದಿತ್ತು. 2017ರ ಒಪ್ಪಂದದ ಪ್ರಕಾರ 2020ರ ಕೊನೆಗೆ ಅದು ನಿಂತಿತು. ಇಷ್ಟು ಕೊರೆತವಿದ್ದರೂ ಮರೀನಾ ಗೋಡೆ ಕಟ್ಟಲಿಲ್ಲ, ಮುಂದೆ ಕಟ್ಟುವುದೂ ಬೇಡ, ಹಿಂದೆ ಸರಿಯೋಣ ಎಂದಿತು. ತೀರದ ಹೆಚ್ಚಿನ ನೆಲ ಸಾರ್ವಜನಿಕ ಉದ್ಯಾನ, ದಿಬ್ಬ. ಮನೆಗಳಿರುವುದು ಬಹುತೇಕ ಒಳಗಡೆ. ಸರಿಯಲು ಜಾಗವಿತ್ತು, ಎಬ್ಬಿಸಬೇಕಾದ ಕುಟುಂಬಗಳಿರಲಿಲ್ಲ. ಅನುದಾನದ ಹಣ ಅಲ್ಲಿ ಆಗಲೇ ಇದ್ದ ಒಲವಿಗೆ ನಿಯಮದ ರೂಪ ಕೊಡಲು ನೆರವಾಯಿತು.

ಡೆಲ್ ಮಾರ್‌ನ ಕಥೆ ಬೇರೆ. ಸುಮಾರು 4,000 ಜನರ ಊರು. ಉತ್ತರದ ದಂಡೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸ್ಯಾನ್ ಡಿಯೆಗಿಟೊ ನದಿಯ ಅಳಿವೆ. ನಡುವಿನ ತಗ್ಗು ನೆಲದಲ್ಲಿ ಸಾಲುಸಾಲು ಮನೆಗಳು. ದಂಡೆಯ ಬಗ್ಗೆ ಈ ಊರಿಗೆ ಕಾಳಜಿ ಇರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಸಾರ್ವಜನಿಕ ಮರಳಿನ ಮೇಲೆ ಖಾಸಗಿ ಗೋಡೆಗಳು ಚಾಚಿಕೊಳ್ಳದಂತೆ 1988ರಲ್ಲಿ ಗೆರೆ ಎಳೆದವರು ಅಲ್ಲಿನ ಮತದಾರರೇ. ಅದೇ ಊರು 2018ರಲ್ಲಿ ಸಮುದ್ರ ಏರಿಕೆಗೆ ಹೊಂದಿಕೊಳ್ಳುವ ಯೋಜನೆಯನ್ನು ಅಂಗೀಕರಿಸುವಾಗ ಮನೆಗಳನ್ನು ಹಂತಹಂತವಾಗಿ ತೀರದಿಂದ ಹಿಂದೆ ಸರಿಸುವ ‘ಯೋಜಿತ ಹಿಂಸರಿತ’ವನ್ನು ಸ್ಪಷ್ಟವಾಗಿ ತಳ್ಳಿಹಾಕಿತು. ಮುಂದಿನ ಸಾಲಿನ ಮನೆಗಳು ಹೋದರೆ ಅವುಗಳ ಹಿಂದಿನ ತಗ್ಗು ಬೀದಿಗಳಿಗೆ ನೀರು ನುಗ್ಗುತ್ತದೆ. ಕೊಳ್ಳೋಣವೆಂದರೆ ಆ ಬೆಲೆಯ ಆಸ್ತಿಗೆ ಹಣವಿಲ್ಲ. ‘ಹಿಂಸರಿತ’ ಎಂಬ ಪದ ಕಡತದಲ್ಲಿ ಕಂಡರೇ ಸಾಲ, ವಿಮೆ, ಮಾರುಕಟ್ಟೆ ಬೆಲೆ ಎಲ್ಲಕ್ಕೂ ಪೆಟ್ಟು ಎಂದು ಊರಿನವರು ವಾದಿಸಿದರು. ಆಯೋಗ ಸೂಚಿಸಿದ ತಿದ್ದುಪಡಿಗಳನ್ನು ನಗರ ಒಪ್ಪಲಿಲ್ಲ.

ಇದನ್ನು ಅನುದಾನದ ವಿಫಲತೆ ಎಂದು ಬರೆದುಬಿಡುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ಊರಿನವರ ಆಕ್ಷೇಪಗಳಲ್ಲಿ ಮೊದಲನೆಯದು ಭೂರಚನೆಯ ವಾಸ್ತವ, ಎರಡನೆಯದು ಹಣಕಾಸಿನ ವಾಸ್ತವ, ಮೂರನೆಯದೊಂದೇ ಭಯ. ಈ ಮೂರೂ ಬೇರೆಬೇರೆಯಾಗಿ ಬೆಳಕಿಗೆ ಬಂದದ್ದು ಅಳತೆಗಳು ಮೇಜಿನ ಮೇಲೆ ಬಂದು, ಬಹಿರಂಗ ಸಭೆಗಳು ನಡೆದದ್ದರಿಂದ. ಯೋಜನಾ ಪ್ರಕ್ರಿಯೆ ನಡೆಯದಿದ್ದರೆ ಇದೇ ಜಗಳ ಒಂದು ಚಳಿಗಾಲದ ಬಿರುಗಾಳಿಯ ಮರುದಿನ, ತುರ್ತು ಪರವಾನಗಿಯ ಅರ್ಜಿಯೊಳಗೆ ನಡೆಯುತ್ತಿತ್ತು. ಅಲ್ಲಿ ಗೆಲ್ಲುವುದು ಯಾವಾಗಲೂ ಬಂಡೆ ತುಂಬಿದ ಲಾರಿ.

ಸ್ಥಳೀಯ ಸಂಸ್ಥೆಗಳ ಕಷ್ಟವನ್ನು ಹಿಡಿದು ತೋರಿಸಿದ್ದು ರಾಜ್ಯದ ಶಾಸಕಾಂಗ ವಿಶ್ಲೇಷಕರ ಕಚೇರಿ 2019ರ ಡಿಸೆಂಬರ್‌ನಲ್ಲಿ ಹೊರತಂದ ವರದಿ. ಹಣದ ಕೊರತೆ, ಸಿಬ್ಬಂದಿಯ ಸಾಮರ್ಥ್ಯದ ಕೊರತೆ, ಮಾಹಿತಿಯ ಕೊರತೆ, ಅಕ್ಕಪಕ್ಕದ ಊರುಗಳು ಕೂಡಿ ಯೋಚಿಸುವ ವೇದಿಕೆಗಳ ಕೊರತೆ, ಜನರಲ್ಲಿ ಒತ್ತಾಯದ ಕೊರತೆ, ಪರವಾನಗಿಗಳ ವಿಳಂಬ ಎಂದು ಅದು ಅಡ್ಡಿಗಳನ್ನು ಗುರುತಿಸಿತು. ಅದಾದ ಮೇಲೆ ಶಾಸಕಾಂಗ ಎರಡು ಹೆಜ್ಜೆ ಇಟ್ಟಿತು. ಟೋನಿ ಆಟ್ಕಿನ್ಸ್ ಮಂಡಿಸಿದ 2021ರ ಸೆನೆಟ್ ಬಿಲ್ 1, ಬಜೆಟ್‌ನಲ್ಲಿ ಹಣ ಒದಗಿಸಿದರೆ ವರ್ಷಕ್ಕೆ 10 ಕೋಟಿ ಡಾಲರ್‌ವರೆಗೆ ಸ್ಥಳೀಯ ಮತ್ತು ಪ್ರಾದೇಶಿಕ ಸಂಸ್ಥೆಗಳ ಸಿದ್ಧತೆಗೆ ಕೊಡಬಹುದೆಂದಿತು. ಜಾನ್ ಲೇರ್ಡ್ ಮಂಡಿಸಿದ 2023ರ ಸೆನೆಟ್ ಬಿಲ್ 272, ಕರಾವಳಿ ವಲಯದ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಎಲ್ಲ ಸ್ಥಳೀಯ ಸರ್ಕಾರಗಳೂ 2034ರ ಜನವರಿ 1ರೊಳಗೆ ಸಮುದ್ರ ಏರಿಕೆಯ ಯೋಜನೆ ಸಿದ್ಧಪಡಿಸಬೇಕೆಂದು ಕಡ್ಡಾಯ ಮಾಡಿತು. ಯೋಜನೆ ಮಂಜೂರಾದ ಊರುಗಳಿಗೆ ಮುಂದಿನ ಹಣದಲ್ಲಿ ಆದ್ಯತೆ. ಮೊದಲು ಹಣದ ದಾರಿ, ಆಮೇಲೆ ಹೊಣೆ: ಈ ಕ್ರಮವನ್ನು ನಾನು ಮೆಚ್ಚುತ್ತೇನೆ. ಹೊಣೆಯನ್ನು ಮೊದಲು ಹೊರಿಸಿ ಹಣವನ್ನು ಮರೆಯುವುದು ಸರ್ಕಾರಗಳ ಸಾಮಾನ್ಯ ರೂಢಿ.

ಬಿಲ್ 1ರ ಅನುದಾನವನ್ನು ಸಾಗರ ಸಂರಕ್ಷಣಾ ಮಂಡಳಿ ಎರಡು ಹಾದಿಗಳಲ್ಲಿ ಹಂಚುತ್ತದೆ. ಒಂದು ಹಾದಿ ಪೂರ್ವಸಿದ್ಧತೆ, ದತ್ತಾಂಶ ಸಂಗ್ರಹ ಮತ್ತು ಯೋಜನೆಗೆ, ಇನ್ನೊಂದು ಅನುಷ್ಠಾನಕ್ಕೆ. ಅರ್ಜಿ ಬರೆಯಲು ಸಿಬ್ಬಂದಿ ಇಲ್ಲದ ಊರುಗಳಿಗೆ ತಾಂತ್ರಿಕ ನೆರವಿನ ವ್ಯವಸ್ಥೆಯೂ ಇದೆ. ಇದು ಬಹಳ ಬೇಕಾದದ್ದು. ಇಲ್ಲದಿದ್ದರೆ ಅನುದಾನ ಹೋಗುವುದು ಕಡಲಿಗೆ ಹತ್ತಿರವಿರುವ ಊರಿಗಲ್ಲ, ಅರ್ಜಿ ಬರೆಯಬಲ್ಲ ಊರಿಗೆ.

ಅನುದಾನದ ಜತೆ ಬರುವ ಷರತ್ತುಗಳ ಮಾತು ಬಂದಾಗ ವಿಜ್ಞಾನದ ಅಂಕಿಗಳನ್ನು ಗಮನಿಸಲೇಬೇಕು. ಮಂಡಳಿ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಮಧ್ಯಮ ಅಂದಾಜಿನ ಪ್ರಕಾರ ರಾಜ್ಯದ ತೀರದಲ್ಲಿ ಸಮುದ್ರ 2050ಕ್ಕೆ 0.8 ಅಡಿ, 2100ಕ್ಕೆ 3.1 ಅಡಿ ಏರುತ್ತದೆ. ಅತಿ ಹೆಚ್ಚಿನ ಅಂದಾಜು 2100ಕ್ಕೆ 6.6 ಅಡಿ. 2018ರ ಮಾರ್ಗಸೂಚಿಯಲ್ಲಿ ಸುಮಾರು 10 ಅಡಿಯ ವಿಪರೀತ ಸನ್ನಿವೇಶವೂ ಇತ್ತು. ಹೊಸದರಲ್ಲಿ ಅದನ್ನು ಕೈಬಿಡಲಾಗಿದೆ. ಅನುದಾನ ಪಡೆದ ಊರು ಲಭ್ಯವಿರುವ ಅತ್ಯುತ್ತಮ ವಿಜ್ಞಾನವನ್ನೇ ಬಳಸಬೇಕೆಂಬ ಷರತ್ತಿನಿಂದ ಒಂದು ದೊಡ್ಡ ಉಪಕಾರ ಆಗಿದೆ: ನೆರೆಯ ಎರಡು ಊರುಗಳು ಎರಡು ಬೇರೆ ಸಮುದ್ರಗಳನ್ನು ಕಲ್ಪಿಸಿಕೊಂಡು ಯೋಜನೆ ಮಾಡುವುದು ತಪ್ಪಿದೆ.

ಹಣದ ಅಸ್ಥಿರತೆಯೇ ಇಡೀ ವ್ಯವಸ್ಥೆಯ ದೊಡ್ಡ ಬಿರುಕು. ಬಜೆಟ್ ಕೊರತೆ ಬಂದ ಕೂಡಲೇ ರಾಜ್ಯ ಕರಾವಳಿಗೆಂದು ಎತ್ತಿಟ್ಟ ಹಣದಲ್ಲಿ ಕಡಿತ ಮಾಡಿತು. 2024ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದ 1,000 ಕೋಟಿ ಡಾಲರ್‌ಗಳ ಹವಾಮಾನ ಬಾಂಡ್‌ನಲ್ಲಿ 120 ಕೋಟಿ ಕರಾವಳಿಗೆ ಮೀಸಲಾಯಿತು. ಇನ್ನೊಂದು ಕಡೆ, ವಿಪತ್ತಿಗೆ ಮುಂಚಿನ ಕೆಲಸಗಳಿಗೆ ನೆರವಾಗುತ್ತಿದ್ದ ಒಕ್ಕೂಟ ಸರ್ಕಾರದ ‘ಬ್ರಿಕ್’ ಕಾರ್ಯಕ್ರಮವನ್ನು ನಿಲ್ಲಿಸುವುದಾಗಿ 2025ರ ಏಪ್ರಿಲ್‌ನಲ್ಲಿ ಘೋಷಣೆಯಾಗಿ ರಾಜ್ಯಗಳು ನ್ಯಾಯಾಲಯಕ್ಕೆ ಹೋಗಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯೊಂದಕ್ಕೇ 2050ರವರೆಗಿನ ಸಿದ್ಧತೆಗೆ 11,000 ಕೋಟಿ ಡಾಲರ್ ಬೇಕು, ಸುಮ್ಮನಿದ್ದರೆ ಆಗುವ ನಷ್ಟ 23,000 ಕೋಟಿಗೂ ಹೆಚ್ಚು ಎಂದು ಪ್ರಾದೇಶಿಕ ಸಂಸ್ಥೆಗಳು 2023ರಲ್ಲಿ ಲೆಕ್ಕ ಹಾಕಿದ್ದನ್ನು ಪಕ್ಕದಲ್ಲಿಟ್ಟರೆ ಮೇಲಿನ ಮೊತ್ತಗಳೆಲ್ಲ ಸಣ್ಣವಾಗಿ ಕಾಣುತ್ತವೆ. ಮೊತ್ತಕ್ಕಿಂತಲೂ ನನ್ನನ್ನು ಕಾಡುವುದು ಅವಧಿ. ಅನುದಾನಕ್ಕೆ ಕೆಲವೇ ವರ್ಷಗಳ ಗಡುವು. ಕೆಲಸವನ್ನು ಹೊರಗಿನ ಕನ್ಸಲ್ಟೆಂಟ್ ಸಂಸ್ಥೆ ಮಾಡಿ ವರದಿ ಒಪ್ಪಿಸಿ ಹೋದರೆ ತಿಳಿವಳಿಕೆಯೂ ಅದರ ಜತೆಗೇ ಹೋಗುತ್ತದೆ. ಊರ ಕಚೇರಿಯಲ್ಲಿ ಉಳಿಯುವುದು ಕಡತ. ಅದೇ ಹಣದಲ್ಲಿ ಒಬ್ಬ ಯೋಜನಾಧಿಕಾರಿಯನ್ನು ಹತ್ತು ವರ್ಷ ಉಳಿಸಿಕೊಳ್ಳಲು ಅವಕಾಶವಿದ್ದರೆ ಡೆಲ್ ಮಾರ್‌ನಂಥ ಊರಿನ ಮಾತುಕತೆ ಮುರಿದಲ್ಲಿಂದಲೇ ಮತ್ತೆ ಶುರುವಾಗಬಹುದಿತ್ತು.

ನಮ್ಮ ಕರಾವಳಿಯನ್ನು ಈ ಹಿನ್ನೆಲೆಯಲ್ಲಿ ನೋಡಿದಾಗ ಕೊರತೆ ಯಾವ ಜಾಗದಲ್ಲಿದೆ ಎಂಬುದು ನಿಚ್ಚಳವಾಗುತ್ತದೆ. ಕರ್ನಾಟಕದ ತೀರದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಕೊರೆತಕ್ಕೆ ಸಿಕ್ಕಿದೆ. ಉಳ್ಳಾಲ, ಸೋಮೇಶ್ವರ, ಮರವಂತೆಗಳಲ್ಲಿ ಮಳೆಗಾಲ ಬಂತೆಂದರೆ ಕಡಲ್ಕೊರೆತದ ಸುದ್ದಿ, ಅದರ ಹಿಂದೆಯೇ ಕಲ್ಲು ಹಾಕುವ ಕಾಮಗಾರಿ. ಏಷ್ಯಾ ಅಭಿವೃದ್ಧಿ ಬ್ಯಾಂಕ್‌ನ ಸಾಲದಲ್ಲಿ 2010ರಲ್ಲಿ ಮಂಜೂರಾದ ಕಾರ್ಯಕ್ರಮದಡಿ ಉಳ್ಳಾಲದಲ್ಲಿ ನೀರಿನೊಳಗಿನ ದಿಬ್ಬಗಳಂಥ ಹೊಸ ಬಗೆಯ ರಚನೆಗಳು ಬಂದವು, ಅವೂ ರಚನೆಗಳೇ. ಹದಿನೈದನೇ ಹಣಕಾಸು ಆಯೋಗ 2021–26ರ ಅವಧಿಗೆ ಕಡಲು ಮತ್ತು ನದಿ ಕೊರೆತ ತಡೆಯಲು 1,500 ಕೋಟಿ ರೂಪಾಯಿ, ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿ ಶಿಫಾರಸು ಮಾಡಿದ್ದು ದೊಡ್ಡ ಬದಲಾವಣೆ. ಪುನರ್ವಸತಿಯನ್ನು ಪ್ರತ್ಯೇಕ ಬಾಬತ್ತಾಗಿ ಗುರುತಿಸಿದ್ದರಲ್ಲಿ ಹಿಂದೆ ಸರಿಯುವುದೂ ಒಂದು ನೀತಿ ಎಂಬ ಒಪ್ಪಿಗೆ ಇದೆ. ಆದರೆ ಯಾರು, ಎಲ್ಲಿಗೆ, ಯಾವ ಕ್ರಮದಲ್ಲಿ ಎಂದು ಮೊದಲೇ ಕುಳಿತು ಯೋಚಿಸಲು ಪಂಚಾಯತಿಗೋ ಪುರಸಭೆಗೋ ಅದರಲ್ಲಿ ಹಣವಿಲ್ಲ.

ಕಾನೂನಿನ ಕಡೆಯಿಂದಲೂ ಅವುಗಳ ಪಾತ್ರ ತೆಳುವಾಗಿದೆ. ಕರಾವಳಿ ನಿಯಂತ್ರಣ ವಲಯದ ನಿರ್ವಹಣಾ ಯೋಜನೆಗಳು ರಾಜ್ಯಮಟ್ಟದಲ್ಲಿ ತಯಾರಾಗುತ್ತವೆ. ಊರಿನವರ ಪಾಲಿಗೆ ಬರುವುದು ಅಹವಾಲು ಸಭೆ. 2011ರ ಅಧಿಸೂಚನೆ ‘ಅಪಾಯ ರೇಖೆ’ಗೆ ವಲಯ ನಿರ್ಧಾರದಲ್ಲಿ ಸ್ಥಾನ ಕೊಟ್ಟಿತ್ತು. ಅಲೆ, ಉಬ್ಬರ, ಸಮುದ್ರ ಏರಿಕೆ, ತೀರದ ಬದಲಾವಣೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಎಳೆಯುವ ರೇಖೆ ಅದು. 2019ರ ಅಧಿಸೂಚನೆ ಅದನ್ನು ನಿಯಂತ್ರಣದಿಂದ ಬಿಡಿಸಿ ವಿಪತ್ತು ನಿರ್ವಹಣೆಯ ಸಲಕರಣೆಯಾಗಿ ಇರಿಸಿತು. ಹೊಂದಿಕೊಳ್ಳುವ ಕ್ರಮಗಳ ಯೋಜನೆಗೆ ಅದನ್ನು ಬಳಸಬೇಕು ಎಂದಿತು. ಯೋಜಿಸುವವರು ಯಾರು, ಯಾರ ಹಣದಲ್ಲಿ ಎಂಬುದು ಅಲ್ಲಿಗೇ ನಿಂತಿದೆ. ಉಳ್ಳಾಲದಿಂದ ಕಾರವಾರದವರೆಗಿನ ತೀರದ ಸ್ಥಳೀಯ ಸಂಸ್ಥೆಗಳಿಗೆ, ಮಳೆಗಾಲದ ಮುಂಚೆ ಮತ್ತು ನಂತರ ದಂಡೆಯ ಅಗಲವನ್ನು ಅಳೆಯಲು, ಅಪಾಯ ರೇಖೆಯನ್ನು ಸರ್ವೆ ನಂಬರುಗಳ ಮೇಲೆ ಗುರುತಿಸಲು, ಮೀನುಗಾರ ಕುಟುಂಬಗಳ ಜತೆ ಕುಳಿತು ದೋಣಿ ನಿಲ್ಲಿಸುವ ಜಾಗ, ಬಲೆ ಒಣಗಿಸುವ ಜಾಗ, ಮನೆ ಸ್ಥಳಾಂತರಿಸಬಹುದಾದ ಜಾಗಗಳನ್ನು ನಕ್ಷೆಗೆ ತರಲು ಕನಿಷ್ಠ ಐದು ವರ್ಷಗಳ, ಸಿಬ್ಬಂದಿ ಸಂಬಳವನ್ನೂ ಒಳಗೊಂಡ ಅನುದಾನ ಕೊಡಬೇಕು. ತಡೆಗೋಡೆಗಳಿಗೆ ಆಗುತ್ತಿರುವ ವೆಚ್ಚದ ಸಣ್ಣ ಪಾಲು ಇದಕ್ಕೆ ಸಾಕು. ಪುನರ್ವಸತಿಯ ಬಾಬತ್ತಿನಲ್ಲಿ ಹಣ ಕೇಳುವ ರಾಜ್ಯದ ಪ್ರಸ್ತಾವಕ್ಕೆ ಲಗತ್ತಿಸಬೇಕಾದ ದಾಖಲೆಗಳೂ ಇವೇ.