ಸೂಪರ್‌ಹೀರೋ ತಂಡದಲ್ಲಿ ಕತ್ತರಿ ಬೀಳೋದು ಯಾರಿಗೆ?

ಈ ಸಲ ರಾಜರೂ ಇಲ್ಲ, ಕೋಟೆಯೂ ಇಲ್ಲ. ವಿಷಯ ‘ಜಸ್ಟಿಸ್ ಲೀಗ್’. ಹೌದು, ಅದೇ ಸಿನಿಮಾ. ಬ್ಯಾಟ್‌ಮನ್, ಸೂಪರ್‌ಮನ್, ವಂಡರ್ ವುಮನ್, ಫ್ಲ್ಯಾಶ್, ಅಕ್ವಾಮನ್, ಸೈಬೋರ್ಗ್ ಎಲ್ಲರೂ ಒಂದೇ ಕಡೆ ಸೇರ್ತಾರಲ್ಲ, ಅದು. ನೋಡಿಲ್ಲದವರಿಗೆ ಹೇಳ್ತೀನಿ: ಇದು ಒಂದಲ್ಲ, ಎರಡು ಸಿನಿಮಾ. 2017ರ ನವೆಂಬರ್‌ನಲ್ಲಿ ಥಿಯೇಟರ್‌ಗೆ ಬಂದಿದ್ದು 120 ನಿಮಿಷದ್ದು. 2021ರ ಮಾರ್ಚ್‌ನಲ್ಲಿ ಆನ್‌ಲೈನ್‌ನಲ್ಲಿ ಬಂದಿದ್ದು 242 ನಿಮಿಷದ್ದು. ನಟರು ಅವರೇ, ವಿಲನ್ ಅವನೇ, ಕಥೆಯ ಎಳೆಯೂ ಹೆಚ್ಚುಕಡಿಮೆ ಅದೇ.

ನನ್ನ ಗಂಡನಿಗೆ ಎರಡು ಗಂಟೆಯದೇ ಸಾಕು. ನನಗೆ ನಾಲ್ಕು ಗಂಟೆಯದೇ ಸಿನಿಮಾ. ಇದರ ಬಗ್ಗೆ ನಮ್ಮ ಮನೆಯಲ್ಲಿ ಆಗಿರೋ ಚರ್ಚೆ ಎರಡೂ ಸಿನಿಮಾ ಸೇರಿಸಿದರೂ ಉದ್ದ.

ಅವನ ವಾದ ಹಗುರವಾದದ್ದಲ್ಲ, ಅದನ್ನೂ ಹೇಳಿಬಿಡ್ತೀನಿ. “ಎಲ್ಲ ಹೀರೋಗಳು ಒಟ್ಟಿಗೆ ನಿಂತಾಗ ಶಿಳ್ಳೆ ಹೊಡೀಬೇಕು ಅನ್ನಿಸ್ಬೇಕು, ಅಷ್ಟೇ. ಸ್ಲೋ ಮೋಷನ್‌ನಲ್ಲಿ ನಾಲ್ಕು ಗಂಟೆ ಯಾರು ನೋಡ್ತಾರೆ?” ಅಂತಾನೆ. ಅಭಿಮಾನಿಗಳು ಆನ್‌ಲೈನ್‌ನಲ್ಲಿ ಗಲಾಟೆ ಮಾಡಿದ್ದಕ್ಕೆ ಸ್ಟುಡಿಯೋ ಸಿನಿಮಾವನ್ನೇ ಮತ್ತೆ ಕಟ್ಟೋದು ಒಳ್ಳೆಯ ಪದ್ಧತಿ ಅಲ್ಲ ಅನ್ನೋದು ಅವನ ಇನ್ನೊಂದು ಮಾತು. ಆ ಗಲಾಟೆಯಲ್ಲಿ ಕೆಲವರು ಬೇರೆಯವರನ್ನು ಹೀನಾಯವಾಗಿ ಬೈದದ್ದು ನಿಜ, ಅದನ್ನು ನಾನೂ ಸಮರ್ಥಿಸಲ್ಲ. ಆದರೆ ಅವನ ಮುಖ್ಯ ವಾದ ಬೇರೆ: “ಮಾರ್ವೆಲ್‌ನವರು ಮೊದಲು ಒಬ್ಬೊಬ್ಬರಿಗೂ ಒಂದೊಂದು ಸಿನಿಮಾ ಮಾಡಿದ್ರು, ಆಮೇಲೆ ‘ಅವೆಂಜರ್ಸ್’ ಮಾಡಿದ್ರು. ತಂಡ ಕಟ್ಟೋದು ಹಾಗೆ. ಮೊದಲು ಪರಿಚಯ, ಆಮೇಲೆ ಮದುವೆ.”

ಇಲ್ಲೇ ಇತಿಹಾಸ ನನ್ನ ಕಡೆ ನಿಲ್ಲೋದು. ಮೊಟ್ಟಮೊದಲ ಸೂಪರ್‌ಹೀರೋ ತಂಡ ಕಟ್ಟಿದ್ದು ಇದಕ್ಕೆ ಪೂರ್ತಿ ಉಲ್ಟಾ ಲೆಕ್ಕದಲ್ಲಿ.

1940ರ ಕೊನೆಯಲ್ಲಿ ಅಮೆರಿಕದಲ್ಲಿ ‘ಆಲ್ ಸ್ಟಾರ್ ಕಾಮಿಕ್ಸ್’ನ ಮೂರನೇ ಸಂಚಿಕೆ ಬಂತು. ಬರೆದವರು ಗಾರ್ಡ್ನರ್ ಫಾಕ್ಸ್, ಸಂಪಾದಕರು ಶೆಲ್ಡನ್ ಮೇಯರ್. ಅದರಲ್ಲಿ ಹೀರೋಗಳು ಒಂದು ಮೇಜಿನ ಸುತ್ತ ಕೂತು ಊಟ ಮಾಡ್ತಾ ತಮ್ಮ ತಮ್ಮ ಕಥೆ ಹೇಳ್ತಾರೆ. ಜಸ್ಟಿಸ್ ಸೊಸೈಟಿ ಆಫ್ ಅಮೆರಿಕ ಅಂತ ತಂಡದ ಹೆಸರು. ಫ್ಲ್ಯಾಶ್, ಗ್ರೀನ್ ಲ್ಯಾಂಟರ್ನ್, ಹಾಕ್‌ಮನ್, ಡಾಕ್ಟರ್ ಫೇಟ್ ಎಲ್ಲ ಇದ್ದರು. ಸೂಪರ್‌ಮನ್, ಬ್ಯಾಟ್‌ಮನ್ ಇರಲಿಲ್ಲ. ಯಾಕೆ ಗೊತ್ತಾ? ಅವರಿಬ್ಬರಿಗೂ ಆಗಲೇ ಸ್ವಂತ ಹೆಸರಿನ ಪುಸ್ತಕ ಇತ್ತು. ಸ್ವಂತ ಪುಸ್ತಕ ಸಿಕ್ಕಿದವರು ತಂಡ ಬಿಟ್ಟು ಹೋಗಬೇಕು, ಆ ಜಾಗಕ್ಕೆ ಇನ್ನೊಬ್ಬರು ಬರಬೇಕು, ಇದು ನಿಯಮ. ಸ್ವಲ್ಪ ದಿನಕ್ಕೆ ಫ್ಲ್ಯಾಶ್‌ಗೂ ಸ್ವಂತ ಪುಸ್ತಕ ಸಿಕ್ಕಿತು, ಅವನೂ ಹೋದ. ಅಂದರೆ ತಂಡ ಇದ್ದದ್ದು ದೊಡ್ಡವರ ಮೆರವಣಿಗೆಗೆ ಅಲ್ಲ. ಒಬ್ಬನೇ ನಿಂತು ಪುಸ್ತಕ ಮಾರಿಸೋ ಶಕ್ತಿ ಇನ್ನೂ ಬಂದಿಲ್ಲದವರಿಗೆ ಅದು ವೇದಿಕೆ.

ಕೇಳೋಕೆ ಚೆನ್ನಾಗಿದೆ. ಆದರೆ ಮುಂದಿನದು ಕೇಳಿ.

ವಂಡರ್ ವುಮನ್ ಮೊದಲು ಕಾಣಿಸಿಕೊಂಡದ್ದು ಇದೇ ‘ಆಲ್ ಸ್ಟಾರ್’ನ ಎಂಟನೇ ಸಂಚಿಕೆಯಲ್ಲಿ, 1941ರಲ್ಲಿ. ಜನ ಇಷ್ಟಪಟ್ಟರು. ಮರುವರ್ಷ ಅವಳನ್ನು ತಂಡಕ್ಕೂ ಸೇರಿಸಿಕೊಂಡರು. ಕೊಟ್ಟ ಹುದ್ದೆ ಏನು? ಸೆಕ್ರೆಟರಿ. ಕೈಬಳೆಗಳಿಂದ ಗುಂಡು ತಡೆಯೋ ಹೆಂಗಸು, ಸಭೆಯ ಟಿಪ್ಪಣಿ ಬರೆಯೋ ಕೆಲಸಕ್ಕೆ! ಎಷ್ಟೋ ಸಂಚಿಕೆಗಳಲ್ಲಿ ಗಂಡಸರು ಸಾಹಸಕ್ಕೆ ಹೊರಡ್ತಾರೆ, ಅವಳು ಹಿಂದೆ ಉಳೀತಾಳೆ. ಇದನ್ನು ಹೇಳಿದಾಗ ನನ್ನ ಗಂಡ ತಕ್ಷಣ, “ನೀನೇ ಹೇಳಿದ್ಯಲ್ಲ ನಿಯಮ ಅಂತ? ಅವಳಿಗೂ 1942ರಲ್ಲಿ ಸ್ವಂತ ಪುಸ್ತಕ ಬಂತು, ಅದಕ್ಕೇ ಪೂರ್ತಿ ಸದಸ್ಯತ್ವ ಕೊಡ್ಲಿಲ್ಲ” ಅಂದ. ಪಾಯಿಂಟ್ ಸರಿ ಇದೆ. ಆದರೆ ಅದೇ ನಿಯಮದಲ್ಲಿ ಸೂಪರ್‌ಮನ್, ಬ್ಯಾಟ್‌ಮನ್‌ಗೆ ಸಿಕ್ಕಿದ್ದು ‘ಗೌರವ ಸದಸ್ಯ’ ಅನ್ನೋ ಪಟ್ಟ. ಇವಳಿಗೆ ಸಿಕ್ಕಿದ್ದು ನೋಟ್‌ಬುಕ್ಕು.

ಆ ಪತ್ರಿಕೆಯಲ್ಲಿ ತಂಡದ ಕಥೆ 1951ಕ್ಕೆ ನಿಂತಿತು. 1960ರಲ್ಲಿ ಫಾಕ್ಸ್ ಅವರೇ ಮತ್ತೆ ಬರೆದರು, ‘ಸೊಸೈಟಿ’ ಹೋಗಿ ‘ಲೀಗ್’ ಆಯ್ತು. ಈ ಸಲ ವಂಡರ್ ವುಮನ್ ಸ್ಥಾಪಕ ಸದಸ್ಯೆ. ಪುಸ್ತಕ ಚೆನ್ನಾಗಿ ಮಾರಾಟವಾಯ್ತು. ಅದನ್ನು ನೋಡಿ ಎದುರು ಕಂಪನಿಗೂ ತಂಡ ಬೇಕಾಯ್ತು. 1961ರಲ್ಲಿ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ‘ಫೆಂಟಾಸ್ಟಿಕ್ ಫೋರ್’ ತಂದರು. ಮೂವರು ಹೊಸಬರು, ಇನ್ನೊಬ್ಬ ಹಳೇ ಹ್ಯೂಮನ್ ಟಾರ್ಚ್‌ನ ಹೆಸರು ಹೊತ್ತ ಹೊಸ ಹುಡುಗ. ಪರಿಚಯವೂ ಇಲ್ಲ, ನಿಶ್ಚಿತಾರ್ಥವೂ ಇಲ್ಲ, ನೇರ ಸಂಸಾರ. ಇನ್ನು 1963ರ ಸೆಪ್ಟೆಂಬರ್ ಸಂಚಿಕೆಯಾಗಿ ಬಂದ ‘ಅವೆಂಜರ್ಸ್’: ಐರನ್ ಮ್ಯಾನ್, ಥೋರ್, ಹಲ್ಕ್, ಆಂಟ್ ಮ್ಯಾನ್, ವಾಸ್ಪ್. ಅದರಲ್ಲಿ ಹಲ್ಕ್‌ನ ಸ್ವಂತ ಪುಸ್ತಕ ಆರೇ ಸಂಚಿಕೆಗೆ ಮುಚ್ಚಿಹೋಗಿತ್ತು. ಅಂಗಡಿ ಮುಚ್ಚಿದವನಿಗೆ ತಂಡದಲ್ಲಿ ಜಾಗ ಸಿಕ್ಕಿತು. ‘ಅವೆಂಜರ್ಸ್’ ಅನ್ನೋ ಹೆಸರು ಸೂಚಿಸಿದವಳು ಕಥೆಯ ಪ್ರಕಾರ ವಾಸ್ಪ್. 2012ರ ಸಿನಿಮಾ ನೆನಪಿಸಿಕೊಳ್ಳಿ. ತಂಡಕ್ಕೆ ಹೆಸರಿಟ್ಟವಳೇ ಅದರಲ್ಲಿ ಇಲ್ಲ.

ಆ ಸಿನಿಮಾಗೂ ಒಂದು ಮಾತು. ಅದಕ್ಕೆ ಮುಂಚೆ 2008ರಿಂದ 2011ರವರೆಗೆ ಐದು ಸಿನಿಮಾ ಬಂದಿದ್ದವು, ನಿಜ. ಆದರೆ ತಂಡದ ಆರು ಜನರಲ್ಲಿ ಇಬ್ಬರಿಗೆ, ಬ್ಲ್ಯಾಕ್ ವಿಡೋಗೆ ಮತ್ತು ಹಾಕ್‌ಐಗೆ, ಸ್ವಂತ ಸಿನಿಮಾ ಇರಲಿಲ್ಲ. ಬ್ಲ್ಯಾಕ್ ವಿಡೋ ಮೊದಲು ಬಂದದ್ದು 2010ರ ‘ಐರನ್ ಮ್ಯಾನ್ 2’ನಲ್ಲಿ. ಅವಳ ಹೆಸರಿನ ಸಿನಿಮಾ ಬಂದದ್ದು 2021ರಲ್ಲಿ, 2019ರ ‘ಎಂಡ್‌ಗೇಮ್’ನಲ್ಲಿ ಅವಳನ್ನು ಸಾಯಿಸಿದ ಮೇಲೆ. ಮೊದಲು ಪರಿಚಯ ಆಮೇಲೆ ಮದುವೆ ಅಂತೆ. ಇಲ್ಲಿ ತಿಥಿ ಆದಮೇಲೆ ಪರಿಚಯ. (ಅಂದಹಾಗೆ ‘ಎಂಡ್‌ಗೇಮ್’ 181 ನಿಮಿಷ. ಅದಕ್ಕೆ ಮಾತ್ರ ನನ್ನ ಗಂಡ ಒಂದು ಸಲವೂ ಗಡಿಯಾರ ನೋಡಲಿಲ್ಲ.)

ಈಗ ‘ಜಸ್ಟಿಸ್ ಲೀಗ್’ಗೆ ಬರೋಣ. ಝ್ಯಾಕ್ ಸ್ನೈಡರ್ ನಿರ್ದೇಶಕ, ಅವರ ಹೆಂಡತಿ ಡೆಬೊರಾ ಸ್ನೈಡರ್ ನಿರ್ಮಾಪಕರಲ್ಲಿ ಒಬ್ಬರು. ಚಿತ್ರೀಕರಣ ಮುಗಿದು ಸಂಕಲನ ನಡೆಯುವಾಗ, 2017ರ ಮಾರ್ಚ್‌ನಲ್ಲಿ, ಅವರ ಮನೆಯ ಮಗಳು ತೀರಿಕೊಂಡಳು. ಎರಡು ತಿಂಗಳು ಕೆಲಸದಲ್ಲೇ ಮುಳುಗಿರೋಕೆ ನೋಡಿ, ಮೇ ತಿಂಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸಿನಿಮಾ ಬಿಟ್ಟು ಮನೆಗೆ ಹೋದರು. ಜಾಸ್ ವೀಡನ್ ಬಂದರು, ಬಹಳಷ್ಟು ಭಾಗ ಮತ್ತೆ ಚಿತ್ರೀಕರಿಸಿದರು. ಸೂಪರ್‌ಮನ್ ಪಾತ್ರದ ಹೆನ್ರಿ ಕ್ಯಾವಿಲ್ ಅಷ್ಟರಲ್ಲಿ ಇನ್ನೊಂದು ಸಿನಿಮಾಗೆ ಮೀಸೆ ಬಿಟ್ಟಿದ್ದರು. ಅದನ್ನು ಕಂಪ್ಯೂಟರ್‌ನಲ್ಲಿ ಅಳಿಸಿದರು, ಮೇಲ್ತುಟಿ ಎಲ್ಲರ ನಗೆಪಾಟಲಾಯ್ತು. ನಗೋದಕ್ಕೆ ಅದೊಂದು ಸಾಕು. ನನಗೆ ಬೇಕಾದದ್ದು ಕಾಣೆಯಾದ ಮೀಸೆ ಅಲ್ಲ, ಕಾಣೆಯಾದ ಜನ.

ಎರಡು ಗಂಟೆಗೆ ಇಳಿಸುವಾಗ ಯಾರು ಹೋದರು ನೋಡಿ. ಸೈಬೋರ್ಗ್‌ನ ತಾಯಿ ಇಡೀ ಹೋದಳು. ಫ್ಲ್ಯಾಶ್ ಕಾಪಾಡೋ ಹುಡುಗಿ, ಕಿಯರ್ಸಿ ಕ್ಲೆಮನ್ಸ್ ಮಾಡಿದ ಐರಿಸ್ ವೆಸ್ಟ್, ಹೋದಳು. ಚೀನಾದ ನಟ ಝೆಂಗ್ ಕೈ ಮಾಡಿದ ವಿಜ್ಞಾನಿಯ ಪಾತ್ರ ಹೋಯ್ತು. ಸೈಬೋರ್ಗ್ ಉಳಿದ, ಆದರೆ ತುಂಡುತುಂಡಾಗಿ. ಬ್ಯಾಟ್‌ಮನ್‌ಗೆ ಜಾಗಕ್ಕೆ ಬರ ಬರಲಿಲ್ಲ. ಇದನ್ನು ಯಾರೋ ಕೂತು ಪಟ್ಟಿ ಮಾಡಿ ತೆಗೆದರು ಅಂತ ನಾನು ಹೇಳ್ತಿಲ್ಲ. ಸಮಯ ಕಮ್ಮಿ ಆದಾಗ ಕತ್ತರಿ ತನ್ನಷ್ಟಕ್ಕೆ ಯಾವ ಕಡೆ ವಾಲುತ್ತೆ ಅನ್ನೋದೇ ನನಗೆ ಕಾಣೋ ಇತಿಹಾಸ. 1942ರಲ್ಲೂ ಅದು ಅದೇ ಕಡೆ ವಾಲಿತ್ತು.

ಸೈಬೋರ್ಗ್‌ನ ಪಾತ್ರ ಮಾಡಿದ ರೇ ಫಿಶರ್ 2020ರಲ್ಲಿ ಮರುಚಿತ್ರೀಕರಣದ ವೇಳೆಯ ವರ್ತನೆ ಬಗ್ಗೆ ಬಹಿರಂಗವಾಗಿಯೇ ದೂರಿದರು. ವೀಡನ್ ಆಮೇಲೆ ಅದನ್ನು ಅಲ್ಲಗಳೆದರು. ಸ್ಟುಡಿಯೋದ ಮಾತೃಸಂಸ್ಥೆ ತನಿಖೆ ನಡೆಸಿ, ಕ್ರಮ ತೆಗೆದುಕೊಂಡಿದ್ದೇವೆ ಅಂತಷ್ಟೇ ಹೇಳಿತು.

ಉದ್ದದ ಸಿನಿಮಾದಲ್ಲಿ ಸೈಬೋರ್ಗ್‌ನ ಕಥೆ ಪೂರ್ತಿ ಇದೆ. ವಿಕ್ಟರ್ ಸ್ಟೋನ್, ಕಾಲೇಜು ಫುಟ್‌ಬಾಲ್ ಆಟಗಾರ. ಮ್ಯಾಚಿಗೆ ಅಮ್ಮ ಬರ್ತಾಳೆ, ಅಪ್ಪನ ಸೀಟು ಖಾಲಿ. ಆಮೇಲೆ ಕಾರು ಅಪಘಾತ, ಅಮ್ಮ ಇಲ್ಲ. ಸಾಯ್ತಿರೋ ಮಗನನ್ನು ವಿಜ್ಞಾನಿ ಅಪ್ಪ ಯಂತ್ರ ಸೇರಿಸಿ ಉಳಿಸಿಕೊಳ್ತಾನೆ. ನನ್ನನ್ನು ಕೇಳದೆ ಯಾಕೆ ಉಳಿಸಿದೆ ಅನ್ನೋ ಸಿಟ್ಟಲ್ಲಿ ಮಗ ಮಾತು ಬಿಡ್ತಾನೆ. ಕೊನೆಗೆ ಅಪ್ಪ ಗಾಜಿನ ಆಚೆ ಸಾಯ್ತಾನೆ, ಮಗ ಈಚೆ ನಿಂತು ನೋಡ್ತಾನೆ. 2017ರದ್ದರಲ್ಲಿ ಈ ಅಪ್ಪ ಸಾಯೋದೇ ಇಲ್ಲ. ಮಗಳನ್ನು ಕಳಕೊಂಡ ನಿರ್ದೇಶಕ ನಾಲ್ಕು ವರ್ಷ ಆದಮೇಲೆ ಇದನ್ನು ಪೂರ್ತಿ ಮಾಡಿ, ಅವಳಿಗೇ ಅರ್ಪಿಸಿದರು. ಸಂಬಳವನ್ನೂ ತಗೊಳ್ಳಲಿಲ್ಲ ಅಂತ ಅವರೇ ಹೇಳಿದ್ದಾರೆ. ಅದೇ ಅಭಿಮಾನಿಗಳ ಗುಂಪು ಆತ್ಮಹತ್ಯೆ ತಡೆಯುವ ಸಂಸ್ಥೆಯೊಂದಕ್ಕೆ 5 ಲಕ್ಷ ಡಾಲರ್‌ಗೂ ಹೆಚ್ಚು ದೇಣಿಗೆ ಕೂಡಿಸಿತು. ಗಲಾಟೆ ಮಾಡಿದವರು ಅಂತ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕೋಕೆ ಆಗಲ್ಲ.

ಗಾಜಿನ ಆಚೆ ಈಚೆಯ ಆ ದೃಶ್ಯ ಬಂದಾಗ ನನ್ನ ಗಂಡನೂ ಮೊಬೈಲ್ ಕೆಳಗಿಟ್ಟಿದ್ದ. “ಅದೊಂದು ಚೆನ್ನಾಗಿದೆ. ಆದರೆ ಇದು ತಂಡದ ಸಿನಿಮಾ ಕಣೇ, ಅವನ ಕಥೆಗೆ ಅವನದೇ ಸಿನಿಮಾ ಮಾಡ್ಬೇಕಿತ್ತು” ಅಂದ.

ಮಾಡ್ತೀವಿ ಅಂತ ಹೇಳಿದ್ದರು. 2014ರ ಅಕ್ಟೋಬರ್‌ನಲ್ಲಿ ವಾರ್ನರ್ ಬ್ರದರ್ಸ್ ಮುಂದಿನ ಸಿನಿಮಾಗಳ ದೊಡ್ಡ ಪಟ್ಟಿ ಪ್ರಕಟಿಸಿತ್ತು. ‘ಸೈಬೋರ್ಗ್’, ರೇ ಫಿಶರ್ ನಾಯಕ, ಬಿಡುಗಡೆ 2020. ಆ ಸಿನಿಮಾ ಶುರುವೇ ಆಗಲಿಲ್ಲ. ಹಾಗಾಗಿ ವಿಕ್ಟರ್ ಸ್ಟೋನ್‌ಗೆ ಇರೋದು ಈ ತಂಡದ ಸಿನಿಮಾ ಒಂದೇ. ಎರಡು ಗಂಟೆಯದ್ದು ನೋಡಿದವರ ಪಾಲಿಗೆ ಅವನಿಗೆ ತಾಯಿಯೇ ಇಲ್ಲ.

ಇಷ್ಟೆಲ್ಲ ಹೇಳಿ ಮುಗಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಹೇಳಿದ್ದು: “ಸರಿ, ಈಗ್ಲಾದ್ರೂ ಅವನದ್ದೇ ಒಂದು ಮಾಡ್ಲಿ, ಮೊದಲ ದಿನಾನೇ ಕರ್ಕೊಂಡ್ ಹೋಗ್ತೀನಿ. ಆದ್ರೆ ಎರಡೇ ಗಂಟೆ.”